ಗುರುವಿನ ಗಿರಕಿ

ಕನ್ನಡ ಪಾಠ ಹೇಳುವವನಿಗೆ ಗ್ರಹಗಳ ಗೊಡವೆಯೇಕೆಂದು ವಾಚಕರು ಕೇಳಬಹುದು. ಕಾರಣ ಒಂದು ಪದ. ಗುರುವೆಂದರೆ ಭಾರವುಳ್ಳದ್ದು. ಆಕಾಶದ ಗುರುವೂ ರಾಶಿಚಕ್ರವನ್ನು ಸುತ್ತಿಬರಲು ಸುಮಾರು ಹನ್ನೆರಡು ವರ್ಷ ತೆಗೆದುಕೊಳ್ಳುವ ನಿಧಾನಿ. ಆದರೆ ತನ್ನ ಅಕ್ಷದ ಮೇಲೆ ಅವನು ತಿರುಗುವ ವೇಗವನ್ನು ನೋಡಿದರೆ ಆ ಹೆಸರೇ ನಾಚಬೇಕು! ಭೂಮಿಯ ಹನ್ನೊಂದರಷ್ಟು ಅಗಲವಾದ ಆ ದೈತ್ಯನಿಗೆ ಒಂದು ದಿನವೆಂದರೆ 9 ಗಂಟೆ 55 ನಿಮಿಷ.

ಅಲ್ಲಿ ಕಾಲೂರಲು ನೆಲವಿಲ್ಲ. ಮೋಡದ ಪಟ್ಟಿಗಳೋ ಒಂದೊಂದೂ ಒಂದೊಂದು ವೇಗದವು. ಹಾಗಾದರೆ ದಿನವನ್ನು ಅಳೆದದ್ದು ಹೇಗೆ? 1955ರಲ್ಲಿ ಅಮೆರಿಕದ ಬರ್ಕ್ ಮತ್ತು ಫ್ರಾಂಕ್ಲಿನ್ ಎಂಬ ವಿಜ್ಞಾನಿಗಳು ಗುರುವಿನಿಂದ ಬರುವ ರೇಡಿಯೋ ಅಲೆಗಳನ್ನು ಅಕಸ್ಮಾತ್ತಾಗಿ ಕಂಡುಹಿಡಿದರು. ಗ್ರಹದ ಒಡಲಿನಿಂದ ಹೊಮ್ಮುವ ಕಾಂತಕ್ಷೇತ್ರ ಅದರೊಡನೆಯೇ ತಿರುಗುವುದರಿಂದ ಆ ಅಲೆಗಳು ಗಡಿಯಾರದಂತೆ ಮರುಕಳಿಸುತ್ತವೆ.

ಈ ತಿರುಗುವ ಕಾಂತಕ್ಷೇತ್ರ ತನ್ನಲ್ಲಿ ಸಿಕ್ಕಿಬಿದ್ದ ವಿದ್ಯುತ್ಕಣಗಳನ್ನೂ ಎಳೆದೊಯ್ಯುತ್ತದೆ. ಭೂಮಿಯಲ್ಲೂ ಇದು ಉಂಟು. ಆದರೆ ನಮ್ಮ ಭೂಮಿಯ ಯಜಮಾನಿಕೆ ಅದರ ತ್ರಿಜ್ಯದ ನಾಲ್ಕೈದು ಪಟ್ಟು ದೂರಕ್ಕೇ ಸಾಮಾನ್ಯವಾಗಿ ಮುಗಿಯುತ್ತದೆ. ಅದರಾಚೆ ಸೂರ್ಯನಿಂದ ಬೀಸುವ ಕಣಗಳ ಗಾಳಿಯದೇ ಆಳ್ವಿಕೆ. ಗುರುವಿನ ಮನೆಯಲ್ಲಿ ಮಾತ್ರ ಗುರುವೇ ಯಜಮಾನ.

ಅವನಿಗೆ ಸಾಮಗ್ರಿ ಒದಗಿಸುವುದು ಅಯೋ ಎಂಬ ಉಪಗ್ರಹ. ಅದರ ಜ್ವಾಲಾಮುಖಿಗಳನ್ನು 1979ರಲ್ಲಿ ವಾಯೇಜರ್ ನೌಕೆ ಕಂಡಿತು. ಸೆಕೆಂಡಿಗೆ ಸುಮಾರು ಒಂದು ಟನ್ನಿನಷ್ಟು ಗಂಧಕ, ಆಮ್ಲಜನಕಗಳು ಅಲ್ಲಿಂದ ಹೊರಚೆಲ್ಲುತ್ತವೆ. ಅಯೋ ಚಲಿಸುವುದು ಸೆಕೆಂಡಿಗೆ 17 ಕಿಲೋಮೀಟರ್. ಅದೇ ದೂರದಲ್ಲಿ ಕಾಂತಕ್ಷೇತ್ರ ಸುತ್ತುವುದು 74 ಕಿಲೋಮೀಟರ್ ವೇಗದಲ್ಲಿ. ಹೀಗಾಗಿ ಪಾಪ, ಅಯೋಗೆ ಸದಾ ಬೆನ್ನ ಹಿಂದಿನಿಂದಲೇ ಬಿರುಗಾಳಿ! ಹೊರಚೆಲ್ಲಿದ ಅಣುಗಳು ವಿದ್ಯುದಂಶ ಪಡೆದೊಡನೆ ಆ ಗಾಳಿಗೆ ಸಿಕ್ಕಿ ಓಡತೊಡಗುತ್ತವೆ.

ಕಡೆಗೋಲು ತಿರುಗಿದಾಗ ಗಡಿಗೆಯ ಅಂಚಿನ ಮಜ್ಜಿಗೆ ಹಿಂದುಳಿಯುವುದನ್ನು ಮನೆಯಲ್ಲಿ ಕಂಡೇ ಇರುತ್ತೇವೆ. ಕಣಗಳೂ ದೂರ ಸರಿದಂತೆಲ್ಲ ಹಿಂದೆ ಬೀಳುತ್ತವೆ. ಅವನ್ನು ಎಳೆಯುವ ಕಾಂತರೇಖೆಗಳು ಬಾಗುತ್ತವೆ. ಅವುಗಳ ಗುಂಟ ವಿದ್ಯುತ್ಪ್ರವಾಹ ಹರಿಯುತ್ತದೆ. ಅದು ಗ್ರಹದ ವಾಯುಮಂಡಲವನ್ನು ಮುಟ್ಟುವ ಕಡೆ, ಧ್ರುವಗಳ ಸುತ್ತ, ಪ್ರಭೆಯ ಬಳೆಯೊಂದು ಬೆಳಗುತ್ತದೆ. ಭೂಮಿಯ ಧ್ರುವಪ್ರಭೆಗೆ ಸೂರ್ಯನ ಗಾಳಿ ಬೇಕು. ಇಲ್ಲಿ ಮುಖ್ಯ ಬಂಡವಾಳ ಗುರುವಿನ ಸ್ವಂತ ಗಿರಕಿಯೇ.

ಲೆಕ್ಕ ಇಷ್ಟು ಸರಳವೆಂದು ವಿಜ್ಞಾನಿಗಳೂ ನಂಬಿದ್ದರು. 2016ರ ಜುಲೈಯಲ್ಲಿ ಗುರುವನ್ನು ತಲಪಿದ ಜೂನೋ ನೌಕೆ ಧ್ರುವಗಳ ಮೇಲೆ ಹಾರಿ ನೋಡಿದಾಗ ನಾಲ್ಕು ಲಕ್ಷ ವೋಲ್ಟುಗಳವರೆಗಿನ ವಿದ್ಯುದ್ವಿಭವ ಕಂಡದ್ದು ನಿಜ. ಆದರೆ ಪ್ರಭೆ ಅತ್ಯಂತ ಉಜ್ವಲವಾಗಿದ್ದೆಡೆಯಲ್ಲಿ ಕಣಗಳನ್ನು ನೂಕುತ್ತಿದ್ದುದು ಅದಲ್ಲ, ಬೇರೊಂದು ಅಸ್ತವ್ಯಸ್ತ ಶಕ್ತಿ. ಅದೆಂಥದೆಂಬ ಚರ್ಚೆ ಆಗ ಮತ್ತೆ ಆರಂಭವಾಯಿತು.