ಪೆನ್‌ಡ್ರೈವ್ ಸುಳ್ಳು ಹೇಳಿದರೆ ಬೈಗುಳ ನಮಗೇಕೆ?

ಕಳೆದ ವರ್ಷ ಚಿಕ್ಕಪ್ಪನ ಮಗಳ ಮದುವೆ ಆಯ್ತು. ಗುಬ್ಬಿಯ ಸ್ಟುಡಿಯೊದಿಂದ ವಿಡಿಯೊ ತರಲು ನಾನು ತುಮಕೂರಿನಲ್ಲಿ 64 ಜಿಬಿ ಪೆನ್‌ಡ್ರೈವ್ ಕೊಂಡಿದ್ದೆ. ಕಾಪಿ ಆಯ್ತು ಅಂತ ಕಂಪ್ಯೂಟರ್ ಹೇಳಿತು. ಕುಣಿಗಲ್‌ನ ಬೀಗರ ಮನೆಯಲ್ಲಿ ಟಿವಿಗೆ ಹಾಕಿದರೆ ಚಪ್ಪರ ಕಂಡಿತು, ಧಾರೆ ಕಾಣಲಿಲ್ಲ. ಫೈಲಿನ ಹೆಸರಿತ್ತು, ಒಳಗೆ ಏನೂ ಇರಲಿಲ್ಲ. ಸ್ಟುಡಿಯೊದವರು ಅಷ್ಟರಲ್ಲಿ ತಮ್ಮ ಪ್ರತಿ ಅಳಿಸಿದ್ದರು. "ನೀನೇ ಸರಿಯಾಗಿ ಹಾಕ್ಕೊಂಡಿಲ್ಲ ಕಣೋ" ಅಂದರು ಚಿಕ್ಕಪ್ಪ. ನಾನೂ ಹಾಗೇ ಅಂದುಕೊಂಡೆ. ಆಮೇಲೆ ಪರೀಕ್ಷಿಸಿದರೆ ಅದರಲ್ಲಿ ಇದ್ದದ್ದು 8 ಜಿಬಿ ಜಾಗ.

ಪೆನ್‌ಡ್ರೈವ್ ಚುಚ್ಚಿದ ಕೂಡಲೇ ಕಂಪ್ಯೂಟರಿನ ಡ್ರೈವರ್ ಎಂಬ ತಂತ್ರಾಂಶ ಎರಡು ಮಾತು ಕೇಳುತ್ತದೆ: ನೀನು ಯಾರು? ನಿನ್ನಲ್ಲಿ ಎಷ್ಟು ಹಿಡಿಯುತ್ತೆ? ಉತ್ತರವನ್ನು ನಂಬುತ್ತದೆ.

ಕೆಲವು ಸಾಧನಗಳು ಮೋಸವಿಲ್ಲದೆಯೂ ತಪ್ಪು ಉತ್ತರ ಕೊಡುತ್ತವೆ. ಎಣಿಕೆ ಸೊನ್ನೆಯಿಂದ ಶುರು. ಕೊನೆಯ ಕೋಣೆಯ ನಂಬರ್ ಕೇಳಿದರೆ ಒಟ್ಟು ಕೋಣೆ ಎಷ್ಟೆಂದು ಹೇಳಿಬಿಡುತ್ತವೆ. ಒಂದು ಹೆಚ್ಚಾಯಿತು. ಇಲ್ಲದ ಕೋಣೆ ಓದಲು ಹೋದಾಗ ಕೆಲವು ಹ್ಯಾಂಗ್ ಆಗುತ್ತವೆ. ಇಂಥ ಸಾಧನಗಳಿಗಾಗಿ ಲಿನಕ್ಸ್‌ನಲ್ಲಿ 'ಅನ್‌ಯೂಶುವಲ್ ಡೆವ್ಸ್' ಎಂಬ ಪಟ್ಟಿಯೇ ಇದೆ. ಕಂಪನಿಯ ನಂಬರ್, ಮಾಡೆಲ್ ನಂಬರ್, ಅದರ ಜೊತೆ ಹೇಗೆ ನಡೆದುಕೊಳ್ಳಬೇಕು ಎಂಬ ಸೂಚನೆ ಅದರಲ್ಲಿರುತ್ತವೆ. ಎಷ್ಟೋ ಕಡೆ ದೂರು ಕೊಟ್ಟ ಬಳಕೆದಾರರ ಹೆಸರೂ ಇದೆ. ಯಾರು ಬೇಕಾದರೂ ಓದಬಹುದು. ನಿಮ್ಮ ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸೇ.

ಯಾರೋ ಒಬ್ಬರು ಸುಮ್ಮನಿರದೆ ಬರೆದು ಕಳಿಸಿದ್ದರಿಂದ ಉಳಿದವರ ಸಾಧನ ಕೆಲಸ ಮಾಡಿತು. ನನಗೆ ಮುಖ್ಯ ಅನಿಸಿದ್ದು ಇದು.

ಆದರೆ ನನ್ನ ಪೆನ್‌ಡ್ರೈವ್‌ಗೆ ಆ ಪಟ್ಟಿಯಲ್ಲಿ ಮದ್ದಿಲ್ಲ. ಅಡಿಕೆ ಮಾರುವವರಿಗೆ ಇದು ಅರ್ಥವಾಗುತ್ತೆ. ತಕ್ಕಡಿ ಯಾವಾಗಲೂ ಒಂದು ಕೆಜಿ ತಪ್ಪು ತೋರಿಸಿದರೆ ಕಳೆದು ಲೆಕ್ಕ ಹಾಕಬಹುದು. ತೂಕದ ಬಟ್ಟೇ ಟೊಳ್ಳಾಗಿದ್ದರೆ? ಕಾಪಿ ಮಾಡುವಾಗ ಬರೆದದ್ದನ್ನು ಮತ್ತೆ ಓದಿ ನೋಡುವ ಪದ್ಧತಿ ಸಾಮಾನ್ಯವಾಗಿ ಇಲ್ಲ. ಅದಕ್ಕೇ ಮೋಸ ನಡೆಯುತ್ತದೆ.

ಹಾಗಾಗಿ ಓದಿ ನೋಡುವ ಕೆಲಸ ನಾವೇ ಮಾಡಬೇಕು. ಹೊಸ ಪೆನ್‌ಡ್ರೈವ್ ಪೂರ್ತಿ ತುಂಬಿ ಓದಿ ನೋಡುವ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ: ವಿಂಡೋಸ್‌ಗೆ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ಗೆ ಎಫ್3. ಸ್ಟುಡಿಯೊ, ಜೆರಾಕ್ಸ್ ಅಂಗಡಿಯವರು ಗಿರಾಕಿ ಎದುರಲ್ಲೇ ಇದನ್ನು ಮಾಡಬಹುದು. ಅಷ್ಟಾಗದಿದ್ದರೆ ಪೆನ್‌ಡ್ರೈವ್ ತೆಗೆದು, ಮತ್ತೆ ಹಾಕಿ, ಎಲ್ಲ ವಿಡಿಯೊ ಓಡುತ್ತವೆಯೇ ನೋಡಿ. ಅಲ್ಲಿಯವರೆಗೆ ಮೂಲ ಪ್ರತಿ ಅಳಿಸಬೇಡಿ. ವಿಂಡೋಸ್‌ನಲ್ಲಿ 64ರ ಬದಲು 59 ಚಿಲ್ಲರೆ ಕಂಡರೆ ಗಾಬರಿ ಬೇಡ, ಅದು ಎಣಿಕೆಯ ವ್ಯತ್ಯಾಸ.

ಬಿಲ್ ಕೇಳಿ ಪಡೆಯಿರಿ. ನಕಲಿ ಎಂದು ಗೊತ್ತಾದರೆ ಡ್ರಾಯರ್‌ಗೆ ಎಸೆಯದೆ ಅಂಗಡಿಗೆ ವಾಪಸ್ ಒಯ್ಯಿರಿ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ನಾನು ಬಿಲ್ ಕೇಳಿರಲಿಲ್ಲ. ಧಾರೆಯ ವಿಡಿಯೊ ಈಗಲೂ ಇಲ್ಲ.