ಕೊಂಬಿನ ಹಿಡಿ ಮತ್ತು ಶ್ರಾವಕನ ಲೆಕ್ಕ

ಹಳೆಯ ಮಾದರಿಯ ಮಡಚುವ ಕ್ಷೌರದ ಕತ್ತಿಗೆ ಎಮ್ಮೆಯ ಕೊಂಬಿನ ಹಿಡಿಯನ್ನು ಸ್ವಹಸ್ತದಿಂದ ರೂಪಿಸಿಕೊಳ್ಳುವುದು ಈಗ ಕೆಲವು ಸುಶಿಕ್ಷಿತರ ಹವ್ಯಾಸವಾಗಿದೆ. ಪ್ಲಾಸ್ಟಿಕ್ಕನ್ನು ಬಿಟ್ಟು ನೈಸರ್ಗಿಕ ವಸ್ತುವನ್ನು ಹಿಡಿದೆವೆಂಬ ಅಭಿಮಾನವೂ ಅದಕ್ಕೆ ಜೊತೆಗೂಡಿದೆ. ಅನ್ಯರ ವಿಷಯ ನಮಗೆ ಬೇಡ. ಆದರೆ ಶ್ರಾವಕ ಕುಲದ ತರುಣರೂ, “ಕೊಂಬು ಕಸಾಯಿಖಾನೆಯ ಕಸ, ಅದಕ್ಕಾಗಿ ಯಾರೂ ಎಮ್ಮೆಯನ್ನು ಕೊಲ್ಲುವುದಿಲ್ಲ, ಆದ್ದರಿಂದ ದೋಷವಿಲ್ಲ” ಎಂದು ವಾದಿಸತೊಡಗಿರುವುದರಿಂದ ಮೌನವು ಸಲ್ಲದು.

ಕೆಲಸದ ಸೊಗಸನ್ನು ಅಲ್ಲಗಳೆಯಲಾರೆ. ಕೊಂಬಿನ ಪಟ್ಟಿಯನ್ನು ಬಿಸಿನೀರಿನಲ್ಲಿ ಮೆದುವಾಗಿಸಿ, ಹಲಗೆಗಳ ನಡುವೆ ಒತ್ತಿ ಚಪ್ಪಟೆಗೊಳಿಸಿ, ಸಣ್ಣ ಗರಗಸದಿಂದ ಜೋಡಿ ಪಟ್ಟಿಗಳನ್ನು ಕೊಯ್ದು, ಅರದಿಂದ ತೇಯ್ದು, ಉಕ್ಕಿನ ತಗಡಿನಂಚಿನಿಂದ ಹೆರೆದು ನಯಮಾಡಬೇಕು. ಬಾಲದ ತುದಿಯಲ್ಲಿ ಬೆಣೆಯಿಟ್ಟು, 1/16 ಅಂಗುಲದ ಹಿತ್ತಾಳೆಯ ಕಡ್ಡಿಯನ್ನು ತೂರಿಸಿ, ಅದರ ತುದಿಗಳನ್ನು ಬಿಲ್ಲೆಗಳ ಮೇಲೆ ಪುಟ್ಟ ಸುತ್ತಿಗೆಯಿಂದ ಅರಳಿಸಬೇಕು. ಇಂಗ್ಲೆಂಡಿನ ಶೆಫೀಲ್ಡಿನ ಕತ್ತಿಗಾರರು ಬಹುಕಾಲ ನಡೆಸಿದ ವಿದ್ಯೆಯಿದು. ನಮ್ಮ ಉತ್ತರ ಪ್ರದೇಶದ ಸಂಭಲದಲ್ಲಿ ಕೊಂಬಿನ ಕುಶಲಕರ್ಮವು ಇಂದಿಗೂ ಅನೇಕ ಮನೆಗಳ ಅನ್ನ. ಆ ಕುಶಲಿಗಳ ಮೇಲೆ ನನ್ನ ಆಕ್ಷೇಪವಿಲ್ಲ. ಯಂತ್ರದ ಚಕ್ರಕ್ಕೆ ಒಡ್ಡಿದರೆ ಕೊಂಬು ಬಿಸಿಯೇರಿ ಸುಟ್ಟ ಕೂದಲಿನಂತೆ ನಾರುತ್ತದೆ. ಕೈಯುಪಕರಣಗಳನ್ನು ಹೊಗಳುವುದಕ್ಕೆ ಅದೂ ಒಂದು ಕಾರಣ. ಆ ವಾಸನೆ ಆಕಸ್ಮಿಕವಲ್ಲ. ಕೊಂಬಿನ ಹೊರಕವಚವೂ ನಮ್ಮ ಕೂದಲು ಉಗುರುಗಳೂ ಕೆರಾಟಿನ್ ಎಂಬ ಒಂದೇ ದ್ರವ್ಯದವು.

ಇನ್ನು ‘ಕಸ’ವೆಂಬ ಮಾತು. ವಾಣಿಜ್ಯಶಾಸ್ತ್ರದ ಮೊದಲ ಪಾಠಗಳನ್ನು ಓದಿದವನೂ ಇದನ್ನು ಒಪ್ಪಲಾರ. ಬೆಲೆಯಿಲ್ಲದೆ ಎಸೆಯುವುದು ಕಸ. ಬೆಲೆಗೆ ಮಾರುವುದು ಉಪೋತ್ಪನ್ನ. ಉಪೋತ್ಪನ್ನದಿಂದ ಬಂದ ಹಣವನ್ನು ಮುಖ್ಯ ಉತ್ಪನ್ನದ ಖಾತೆಗೆ ಜಮಾ ಮಾಡಿ, ಅಷ್ಟರಮಟ್ಟಿಗೆ ಅದರ ವೆಚ್ಚವನ್ನು ತಗ್ಗಿಸುವುದು ಲೆಕ್ಕದ ಪದ್ಧತಿ. ಚರ್ಮ, ಎಲುಬು, ಕೊಂಬುಗಳಿಂದ ಬಂದ ರೂಪಾಯಿ ಮಾಂಸದ ಖಾತೆಗೆ ಜಮೆಯಾಗುತ್ತದೆ. ಕೊಂಬಿಗೆ ಬೆಲೆ ಕೊಟ್ಟವನು ವಧೆಯ ವೆಚ್ಚದಲ್ಲಿ ಪಾಲು ಹೊತ್ತಂತಾಯಿತು. ಕೃತ, ಕಾರಿತ, ಅನುಮತ ಎಂಬ ಮೂರನ್ನೂ ಬಾಲ್ಯದಿಂದ ಕೇಳಿಬಂದ ನಮಗೆ ಇದು ಹೊಸ ಮಾತೇ?

ಮತ್ತೊಂದು ಜಾಣ ಪ್ರಶ್ನೆಯಿದೆ: ಮುನಿಗಳ ಪಿಂಛಿಯು ನವಿಲುಗರಿಯದಲ್ಲವೇ? ಅಹುದು. ನವಿಲು ಪ್ರತಿ ವರ್ಷ ತನ್ನ ಗರಿಗಳನ್ನು ತಾನೇ ಉದುರಿಸುತ್ತದೆ. ಜಿಂಕೆಯ ಕವಲುಗೊಂಬೂ ಉದುರುತ್ತದೆ. ಎಮ್ಮೆಯ ಕೊಂಬು ಉದುರುವುದಿಲ್ಲ. ಎಲುಬಿನ ತಿರುಳಿನ ಮೇಲೆ ಬೆಳೆದು ಜೀವಮಾನವಿಡೀ ನಿಲ್ಲುತ್ತದೆ. ತಾನಾಗಿ ಸತ್ತ ಎಮ್ಮೆಯ ಕೊಂಬೆಂದರೆ? ತಾನಾಗಿ ಸತ್ತ ಎಮ್ಮೆ, ಎತ್ತುಗಳ ಮಾಂಸದಲ್ಲಿಯೂ ಹಿಂಸೆಯಿದೆಯೆಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಹೇಳಿದ್ದಾರೆ. ಅದು ಮಾಂಸದ ಮಾತು. ಒಣಗಿದ ಕೊಂಬಿಗೆ ಅದನ್ನು ಎಳೆದು ತರಲು ನಾನು ಸಿದ್ಧನಿಲ್ಲ. ಆದರೆ ಪೇಟೆಯಲ್ಲಿ ದೊರೆಯುವ ಕಪ್ಪು ಪಟ್ಟಿ ಯಾವ ಎಮ್ಮೆಯದು, ಹೇಗೆ ಸತ್ತದ್ದು ಎಂಬುದನ್ನು ಅಂಗಡಿಯವನೂ ಅರಿಯ.

ಶ್ರಾವಕನು ವರ್ಜಿಸಬೇಕಾದ ಹದಿನೈದು ಕ್ರೂರ ವ್ಯಾಪಾರಗಳಲ್ಲಿ ದಂತವಾಣಿಜ್ಯವೂ ಒಂದು. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದಲ್ಲಿಯೂ ಪಂಡಿತ ಆಶಾಧರರ ಸಾಗಾರಧರ್ಮಾಮೃತದಲ್ಲಿಯೂ ಅದರ ಪ್ರಸ್ತಾಪವಿದೆ. ಉಭಯ ಸಂಪ್ರದಾಯಗಳಿಗೂ ಇದು ಸಮ್ಮತ. ದಂತವೆಂದರೆ ಆನೆಯ ದಂತವಷ್ಟೇ ಅಲ್ಲ. ಹೇಮಚಂದ್ರರು ಕೂದಲು, ಉಗುರು, ಎಲುಬು, ಚರ್ಮಗಳನ್ನೂ ಹೆಸರಿಸಿದ್ದಾರೆ. (ಅದೇ ಪಟ್ಟಿಯಲ್ಲಿ ಲಾಕ್ಷಾವಾಣಿಜ್ಯವೂ ಇದೆ. ಅರಗಿನ ಬಣ್ಣದ ಆಟಿಕೆಗಳನ್ನು ಮಾರುವ ನಮ್ಮವರು ಅದನ್ನೂ ಓದಿಕೊಳ್ಳುವುದು ಲೇಸು.)

ಹಸ್ತಕೌಶಲವೇ ಬೇಕೆಂದರೆ ಅದೇ ಗರಗಸ, ಅದೇ ಅರ ಬೀಟೆಯ ತುಂಡಿಗೂ ಸಲ್ಲುತ್ತವೆ. ಮರವೂ ಜೀವವೇ ಎನ್ನುವವರು ಏಕೇಂದ್ರಿಯಕ್ಕೂ ಮನಸ್ಸುಳ್ಳ ಪಂಚೇಂದ್ರಿಯಕ್ಕೂ ಇರುವ ಅಂತರವನ್ನು ಮರೆತಿದ್ದಾರೆ.

ಬಸದಿಗಳ ಟ್ರಸ್ಟುಗಳು ಇದನ್ನು ಹುಡುಗರ ಹವ್ಯಾಸವೆಂದು ಕಡೆಗಣಿಸಬಾರದು. ಮಳಿಗೆಗಳನ್ನು ಬಾಡಿಗೆಗೆ ಕೊಡುವಾಗ ಮದ್ಯಮಾಂಸಗಳ ನಿಷೇಧವನ್ನು ಕರಾರಿನಲ್ಲಿ ಬರೆಸುತ್ತೇವೆ. ಕೊಂಬಿನ ಬಾಚಣಿಗೆ, ಗುಂಡಿ, ಕತ್ತಿಯ ಹಿಡಿಗಳನ್ನು ಕೇಳುವವರಿಲ್ಲ. ಆ ಬಾಡಿಗೆಯಿಂದಲೇ ಅಭಿಷೇಕದ ಹಾಲು ಬರುವುದಾದರೆ ನ್ಯಾಯೋಪಾತ್ತ ಧನವೆಂಬ ಮಾತಿಗೆ ಅರ್ಥವೇನು? ಏಪ್ರಿಲ್ ತಿಂಗಳ ನವೀಕರಣಕ್ಕೆ ಮುನ್ನ ಆಡಳಿತ ಮಂಡಳಿಗಳು ಕರಾರುಪತ್ರಕ್ಕೆ ಕೊಂಬು, ಎಲುಬು, ಚರ್ಮ ಎಂಬ ಮೂರು ಪದಗಳನ್ನು ಸೇರಿಸಲಿ.