ಡ್ಯಾನ್ಯೂಬಿನ ವಿಹಾರ, ಕಾಗಿಣೆಯ ದಂಡೆ

ಮೊನ್ನೆ ಸೇಡಮ್ಮಿನ ವರ್ತಕ ಮಿತ್ರರೊಬ್ಬರ ಅಂಗಡಿಯಲ್ಲಿ ಕುಳಿತಿದ್ದೆ. ಯುರೋಪಿನಲ್ಲಿ ನೌಕರಿಗಿರುವ ಅವರ ಅಣ್ಣನ ಮಗ ಫೋನಿಗೆ ಚಿತ್ರಗಳನ್ನು ಕಳಿಸಿದ್ದ. ಡ್ಯಾನ್ಯೂಬ್ ನದಿಯ ಮೇಲೆ ಒಂದು ದಿನದ ವಿಹಾರ. ಬೆಳಿಗ್ಗೆ ಮೆಲ್ಕಿನ ಮಠ, ಮಧ್ಯಾಹ್ನ ಡ್ಯೂರ್ನ್‌ಸ್ಟೈನಿನ ಹಾಳು ಕೋಟೆ, ಸಂಜೆ ಹಡಗಿನಲ್ಲಿಯೇ ಐದು ಬಗೆಯ ಊಟ. ದಂಡೆಯುದ್ದಕ್ಕೂ ದ್ರಾಕ್ಷಿ ತೋಟ. ಚೀಲ ಇಳಿಸಿ ನಿಂತ ಹಮಾಲನೊಬ್ಬ ನೋಡಿ, "ಇದೆಲ್ಲ ಸಾಹುಕಾರರ ಪುಣ್ಯ, ಮಾಸ್ತರ" ಎಂದ.

ಪುಣ್ಯವೆಂಬ ಮಾತನ್ನು ನಾನು ಒಪ್ಪಲಿಲ್ಲ. ಅಲ್ಲಿಯ ದುಡಿಯುವವನಿಗೂ ವಿಹಾರಕ್ಕೆ ಬಿಡುವು ದೊರೆತದ್ದು ದೇವರು ಕೊಟ್ಟದ್ದಲ್ಲ, ಹೋರಾಡಿ ಪಡೆದದ್ದು. 1936ರಲ್ಲಿ ಫ್ರಾನ್ಸಿನ ಕಾರ್ಮಿಕರು ಲಕ್ಷಗಟ್ಟಲೆ ಮುಷ್ಕರ ಹೂಡಿ ಕಾರ್ಖಾನೆಗಳಲ್ಲಿಯೇ ಕುಳಿತುಬಿಟ್ಟರು. ಸಮಾಜವಾದಿ ನಾಯಕ ಲಿಯೋನ್ ಬ್ಲುಮ್ ಅವರ ಸರ್ಕಾರ ವಾರಕ್ಕೆ 40 ಗಂಟೆಯ ದುಡಿಮೆಯನ್ನೂ ವರ್ಷಕ್ಕೆ ಎರಡು ವಾರದ ಸಂಬಳಸಹಿತ ರಜೆಯನ್ನೂ ಕಾಯಿದೆಯಾಗಿ ಮಾಡಿತು. ರಜೆಗೆ ಹೊರಟ ಕಾರ್ಮಿಕನಿಗೆ ರೈಲಿನ ದರವನ್ನೂ ಇಳಿಸಿತು. ಆ ಬೇಸಿಗೆಯಲ್ಲಿ ಎಷ್ಟೋ ಮಂದಿ ಮೊದಲ ಬಾರಿಗೆ ಸಮುದ್ರ ಕಂಡರು. ಯುರೋಪಿನ ಒಕ್ಕೂಟ 1993ರಲ್ಲಿ ವರ್ಷಕ್ಕೆ ಕನಿಷ್ಠ ನಾಲ್ಕು ವಾರದ ರಜೆಯನ್ನು ನಿಯಮ ಮಾಡಿತು.

ನಮ್ಮಲ್ಲಿಯೋ? 1948ರ ಕಾರ್ಖಾನೆ ಕಾಯಿದೆ ವರ್ಷದಲ್ಲಿ 240 ದಿನ ದುಡಿದವನಿಗೆ ಪ್ರತಿ 20 ದಿನಕ್ಕೆ ಒಂದು ದಿನದ ಸಂಬಳದ ರಜೆ ಕೊಟ್ಟಿತು. 2020ರ ಸಂಹಿತೆ ಆ 240ನ್ನು 180ಕ್ಕೆ ಇಳಿಸಿತು. ಕಾಗದದ ಮೇಲೆ ಒಳ್ಳೆಯದೇ. ಆದರೆ ಗುತ್ತಿಗೆದಾರನ ಹಾಜರಿ ಪುಸ್ತಕದಲ್ಲಿ ಹೆಸರು ಬರುತ್ತ ಹೋಗುತ್ತ ಇರುವವನು ದಿನಗಳನ್ನು ಲೆಕ್ಕ ಹಿಡಿಯುವುದು ಹೇಗೆ? ಕಲ್ಲುಗಣಿಯಲ್ಲಿ ಫರ್ಸಿ ಸೀಳುವವನಿಗೆ ರಜೆಯೆಂದರೆ ಕೂಲಿ ಇಲ್ಲದ ದಿನವೆಂದೇ ಅರ್ಥ.

ಇನ್ನು ನೋಡಲು ಏನಿದೆ ಎಂಬ ಪ್ರಶ್ನೆ. ಡ್ಯೂರ್ನ್‌ಸ್ಟೈನ್ ಕೋಟೆಯ ಹೆಗ್ಗಳಿಕೆಯೆಂದರೆ 1192ರಲ್ಲಿ ಇಂಗ್ಲೆಂಡಿನ ದೊರೆ ರಿಚರ್ಡನನ್ನು ಅಲ್ಲಿ ಸೆರೆಯಿಟ್ಟದ್ದು. ನಮ್ಮ ಕಾಗಿಣೆಯ ದಂಡೆಯ ಮಳಖೇಡವೋ ರಾಷ್ಟ್ರಕೂಟರ ರಾಜಧಾನಿ, ನೃಪತುಂಗನ ಮಾನ್ಯಖೇಟ. ಅರಬ ವರ್ತಕ ಸುಲೈಮಾನನ ಹೆಸರಿನ 851ರ ವೃತ್ತಾಂತ ಅಲ್ಲಿಯ ಅರಸನನ್ನು ಜಗತ್ತಿನ ನಾಲ್ವರು ದೊಡ್ಡ ದೊರೆಗಳಲ್ಲಿ ಒಬ್ಬನೆಂದು ಎಣಿಸಿತು. ಚಿತ್ತಾಪುರದ ಬಳಿ ನಾಗಾವಿಯ ಘಟಿಕಾಸ್ಥಾನ. ಭೀಮೆಯ ದಂಡೆಯ ಸನ್ನತಿಯಲ್ಲಿ ಅಶೋಕನ ಶಾಸನ. ಪಕ್ಕದ ಕನಗನಹಳ್ಳಿಯಲ್ಲಿ ಅಶೋಕನ ಹೆಸರನ್ನೇ ಕೊರೆದ ಅವನ ಶಿಲ್ಪ. ಚಿಂಚೋಳಿಗೆ ಹೋದರೆ ಚಂದ್ರಂಪಳ್ಳಿಯ ಕೆರೆ, ಕಾಡು, ಎತ್ತಿಪೋತದ ಜಲಪಾತ.

ಮಾಸ್ತರಿಕೆಯ ದಿನಗಳಲ್ಲಿ ಮಕ್ಕಳನ್ನು ಮಳಖೇಡದ ಕೋಟೆಗೆ ಕರೆದೊಯ್ದಿದ್ದೆ. ಸಿಮೆಂಟ್ ಕಾರ್ಮಿಕನ ಮಗನೊಬ್ಬ ಗೋಡೆಯ ಮೇಲೆ ನಿಂತು, "ನಮ್ಮಪ್ಪ ಇದನ್ನ ನೋಡ್ಯಾನೇನ್ರಿ ಸರ್?" ಎಂದು ಕೇಳಿದ. ಸಂಜೆ ಆತನ ತಂದೆಯನ್ನೇ ಕೇಳಿದೆ. ಇಪ್ಪತ್ತು ವರ್ಷ ಕೋಟೆಯ ಮುಂದಿನ ರಸ್ತೆಯಲ್ಲೇ ಪಾಳಿಗೆ ಹೋಗಿ ಬಂದಿದ್ದಾನೆ. ಒಮ್ಮೆಯೂ ಇಳಿದಿಲ್ಲ. "ಇಳದ್ರ ಆ ದಿನದ ಪಗಾರ ಯಾರ ಕೊಡ್ತಾರ್ರಿ?" ಎಂದ. ಪಾಠ ಹೇಳುವುದನ್ನು ಬಿಟ್ಟು ಸಂಘಟನೆಗೆ ಬರಲು ಆ ಮಾತೂ ಒಂದು ಕಾರಣ.

ಹಡಗು ಬೇಡವೆನ್ನುವವನು ನಾನಲ್ಲ. ಆದರೆ ಅದು ಯಾರಿಗಾಗಿ? 2023ರ ಜನವರಿ 13ರಂದು ಕಾಶಿಯಿಂದ ಹೊರಟ 'ಗಂಗಾ ವಿಲಾಸ'ದಲ್ಲಿ 36 ಮಂದಿಗೆ ಮಾತ್ರ ಜಾಗ. ಮೊದಲ ಪ್ರಯಾಣದಲ್ಲಿ 32 ಜನ ಸ್ವಿಟ್ಜರ್ಲೆಂಡಿನವರು. ಅವರು ನಮ್ಮ ನದಿ ನೋಡಲಿ, ಸಂತೋಷ. ಆದರೆ ನದಿಯ ಬದಿಯವನೂ ತನ್ನ ನದಿಯನ್ನು ನೋಡಬೇಡವೇ?

ಸಣ್ಣ ವರ್ತಕರು ಇದನ್ನು ತಮಗೆ ಸಂಬಂಧವಿಲ್ಲದ್ದೆಂದು ತಿಳಿಯಬಾರದು. ಹಡಗಿನವನು ಹಡಗಿನಲ್ಲೇ ಉಣ್ಣುತ್ತಾನೆ. ಬಸ್ಸಿನಿಂದಿಳಿದ ಕಾರ್ಮಿಕನ ಸಂಸಾರ ನಿಮ್ಮಲ್ಲಿ ಚಹಾ ಕುಡಿಯುತ್ತದೆ, ಮಿರ್ಚಿ ತಿನ್ನುತ್ತದೆ, ಮಗುವಿಗೆ ಬಲೂನು ಕೊಳ್ಳುತ್ತದೆ.

ಹೊಟ್ಟೆಗೆ ಸಾಲದವನಿಗೆ ವಿಹಾರವೇಕೆ ಎಂದು ಕೆಲವರು ನಗುತ್ತಾರೆ. ರಜೆಯೂ ಕೂಲಿಯ ಒಂದು ಭಾಗ. ಅದನ್ನು ಕಸಿದವನು ಕೂಲಿಯನ್ನೇ ಕಸಿದಂತೆ. ಆದ್ದರಿಂದ ನಮ್ಮ ಬೇಡಿಕೆ ಸಣ್ಣದು, ಸ್ಪಷ್ಟವಾದದ್ದು. ಪ್ರತಿ ಗುತ್ತಿಗೆ ಕಾರ್ಮಿಕನ ಕೈಯಲ್ಲಿ ಅವನದೇ ರಜೆಯ ಲೆಕ್ಕವಿರಲಿ. ವಾಡಿ, ಶಹಾಬಾದ, ಚಿತ್ತಾಪುರ, ಸೇಡಮ್ಮುಗಳಿಂದ ಭಾನುವಾರ ಮಳಖೇಡ, ಸನ್ನತಿ, ಚಂದ್ರಂಪಳ್ಳಿಗೆ ಕಡಿಮೆ ದರದ ಬಸ್ಸು ಓಡಲಿ. ಅಲ್ಲಿ ನೆರಳು, ನೀರು, ಹೆಂಗಸರಿಗೆ ಶೌಚಾಲಯ ಇರಲಿ.

ಮುಂದಿನ ಗೇಟ್ ಸಭೆಯಲ್ಲಿ ಸಂಬಳದ ಜೊತೆಗೆ ರಜೆಯ ಮಾತನ್ನೂ ಎತ್ತೋಣ. ಆ ಹುಡುಗನ ತಂದೆ ಸಂಬಳ ಕಳೆದುಕೊಳ್ಳದೆ ಒಂದು ದಿನ ಮಗನೊಡನೆ ಕೋಟೆ ಹತ್ತಲಿ.